ಕಾಯಿಲೆ ಬೀಳಲೆಂದೇ ಬಿತ್ತಿದ ಭತ್ತ

ನಾನು ಒಂದು ಭತ್ತದ ತಳಿ. ಹೆಸರು ಬೆಣ್ಣೆಸಣ್ಣ. ಹೆಸರು ಕೇಳಿ ಬಾಯಲ್ಲಿ ನೀರೂರಿಸಿಕೊಳ್ಳಬೇಡಿ. ನನ್ನನ್ನು ಬಿತ್ತುವುದು ಉಣ್ಣುವುದಕ್ಕಲ್ಲ, ಮಾರುವುದಕ್ಕೂ ಅಲ್ಲ. ಕಾಯಿಲೆ ಬೀಳುವುದಕ್ಕೆ. ಅದೇ ನನ್ನ ಉದ್ಯೋಗ, ಅದರಲ್ಲಿ ನನ್ನನ್ನು ಮೀರಿಸುವವರು ಈ ಸೀಮೆಯಲ್ಲಿ ಯಾರೂ ಇರಲಿಲ್ಲ.

ಹುಟ್ಟಿದ್ದು ಮಂಡ್ಯದ ಕಡೆ, ನಾಲೆಯ ನೀರು ಹರಿಯುವ ಬಯಲಿನಲ್ಲಿ. ಯಾವ ರೈತನ ಗದ್ದೆಯಲ್ಲಿ ಮೊದಲು ತೆನೆ ಬಿಟ್ಟೆನೋ ನೆನಪಿಲ್ಲ. ಯಾರಿಗೆ ತಾನೇ ತಮ್ಮ ತೊಟ್ಟಿಲು ನೆನಪಿರುತ್ತದೆ? ಸಣ್ಣ ಕಾಳು, ಮೆತ್ತನೆಯ ಅನ್ನ, ಬಾಣಂತಿಯರಿಗೆ ಗಂಜಿ ಎಂದರೆ ನಾನೇ ಆಗಬೇಕಿತ್ತಂತೆ. ಭತ್ತದ ವಂಶಕ್ಕೆ ಒಂದು ಅನುಕೂಲವಿದೆ. ನಮ್ಮ ಹೂವು ಬಾಯಿ ತೆರೆಯುವ ಹೊತ್ತಿಗೆ ಒಳಗೇ ಮದುವೆ ಮುಗಿದಿರುತ್ತದೆ. ಹೊರಗಿನ ಪರಾಗ ನುಸುಳುವುದು ತೀರಾ ಅಪರೂಪ. ಹಾಗಾಗಿ ಅಜ್ಜಿ, ಮಗಳು, ಮೊಮ್ಮಗಳು ಎಲ್ಲರೂ ಒಂದೇ ಅಚ್ಚಿನ ಬೆಲ್ಲ. ಎಷ್ಟು ಸಲ ಸತ್ತು ಹುಟ್ಟಿದರೂ "ನಾನು" ಎನ್ನಲು ನನಗೆ ಸಂಕೋಚವಿಲ್ಲ.

ನನ್ನ ಹಣೆಬರಹ ಕೆಟ್ಟದ್ದು ಬೆಂಕಿ ರೋಗದಿಂದ. ಕಣ್ಣಿಗೆ ಕಾಣದ ಬೂಷ್ಟಿನ ಕಣ ಗಾಳಿಯಲ್ಲಿ ಬಂದು ಎಲೆಯ ಮೇಲಿನ ಇಬ್ಬನಿಯಲ್ಲಿ ಕೂರುತ್ತದೆ, ಎಲೆಯನ್ನು ಕೊರೆದು ಒಳಗೆ ಇಳಿಯುತ್ತದೆ. ಮೊದಲು ಕಣ್ಣಿನಾಕಾರದ ಚುಕ್ಕೆಗಳು, ನಡುವೆ ಬೂದಿ ಬಣ್ಣ, ಅಂಚಿನಲ್ಲಿ ಕಂದು. ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡರೆ ಗದ್ದೆಗೆ ಗದ್ದೆಯೇ ಸುಟ್ಟಂತೆ ಕಾಣುತ್ತದೆ. ತೆನೆಯ ಕುತ್ತಿಗೆಗೆ ಹತ್ತಿದರೆ ಮುಗಿದೇ ಹೋಯಿತು. ತೆನೆ ಬೆಳ್ಳಗೆ ನೆಟ್ಟಗೆ ನಿಂತಿರುತ್ತದೆ, ಹಿಚುಕಿದರೆ ಬರೀ ಜೊಳ್ಳು. ಉಳಿದ ತಳಿಗಳು ಈ ರೋಗದ ಜೊತೆ ಒಂದಿಷ್ಟಾದರೂ ಗುದ್ದಾಡುತ್ತಿದ್ದವು. ನಾನೋ, ಬಾಗಿಲು ತೆರೆದು ಚಾಪೆ ಹಾಸುವ ಜಾತಿ. ಎರಡು ಸಲ ಪೈರು ಸುಟ್ಟುಹೋದ ಮೇಲೆ ರೈತರು ನನಗೆ ಕೈ ಮುಗಿದುಬಿಟ್ಟರು.

ಆಗ ನನ್ನನ್ನು ಕರೆದುಕೊಂಡು ಹೋದವರು ನಾಲೆಯ ದಂಡೆಯ ಭತ್ತ ಸಂಶೋಧನಾ ಕೇಂದ್ರದವರು. ಅಲ್ಲಿ ರೋಗದ ಮಡಿ ಎಂದು ಒಂದು ಪಾತಿಯಿದೆ. ಲೋಕದಲ್ಲೆಲ್ಲ ಪೈರಿಗೆ ರೋಗ ಬಾರದಿರಲಿ ಎಂದು ಹರಕೆ ಹೊತ್ತರೆ ಇಲ್ಲಿ ಬರಲಿ ಎಂದು ಒದ್ದಾಡುತ್ತಾರೆ. ಬೇಕಾದ್ದಕ್ಕಿಂತ ಹೆಚ್ಚು ಯೂರಿಯಾ ಸುರಿಯುತ್ತಾರೆ. ಸಂಜೆಗೆ ನೀರು ಚಿಮುಕಿಸಿ, ತೇವ ಆರದಂತೆ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ರೋಗ ಬಂದ ಎಲೆಗಳನ್ನು ಕತ್ತರಿಸಿ ಉಪ್ಪಿನ ಹಾಗೆ ಮೇಲೆ ಉದುರಿಸುತ್ತಾರೆ. ನಡುವೆ ಪರೀಕ್ಷೆಗೆ ಬಂದ ಹೊಸ ತಳಿಗಳ ಒಂದೊಂದು ಸಾಲು, ಸುತ್ತ ನಾಲ್ಕೂ ಕಡೆ ನಾನು. ಮೊದಲು ನಾನು ಸುಟ್ಟು, ನನ್ನ ಮೈಮೇಲೆ ಬೂಷ್ಟು ಸಂತೆ ಕಟ್ಟಿಕೊಂಡು, ಅಲ್ಲಿಂದ ಉಳಿದವರ ಮೇಲೆ ಬೀಳಬೇಕು. ನಾನು ಕರಕಲಾಗಿ, ಪಕ್ಕದ ಸಾಲು ಹಸಿರಾಗಿ ನಿಂತರೆ ಆ ಸಾಲಿಗೆ ತಾಕತ್ತಿದೆ ಎಂದು ಲೆಕ್ಕ. ಇದರಲ್ಲಿ ಅವಮಾನವೇನೂ ನನಗೆ ಕಂಡಿಲ್ಲ. ಒರೆಗಲ್ಲಿಗೆ ಹೊಳಪು ಯಾಕೆ ಬೇಕು?

ಆ ಮಡಿಯ ಒಡತಿ ಚಂದ್ರಪ್ರಭಾ, ತಳಿ ವಿಜ್ಞಾನಿ. ತೆಳ್ಳಗಿನ ಹೆಂಗಸು, ಕುತ್ತಿಗೆಯಲ್ಲಿ ಸರದ ಬದಲು ದಾರ ಕಟ್ಟಿದ ಒಂದು ಭೂತಗನ್ನಡಿ. ನಾನು ಅವರನ್ನು ನೋಡುವುದು ಕೆಳಗಿನಿಂದ, ಹಾಗಾಗಿ ಅವರ ಮನಸ್ಸು ನನಗೆ ಮೊದಲು ಕಾಣುವುದು ಕಾಲಿನಲ್ಲಿ. ಖುಷಿಯಾದಾಗ ಚಪ್ಪಲಿ ಬದುವಿನ ಮೇಲೇ ಬಿಟ್ಟು ಬರಿಗಾಲಲ್ಲಿ ಇಳಿಯುತ್ತಾರೆ. ಭಯವಾದಾಗ ಚಪ್ಪಲಿಯ ಸಮೇತ ಕೆಸರಿಗೆ ಇಳಿದುಬಿಡುತ್ತಾರೆ.

ಅವರ ಭಯಕ್ಕೆ ಕಾರಣವಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೇಂದ್ರ ಒಂದು ತಳಿ ಬಿಡುಗಡೆ ಮಾಡಿತ್ತು. ಅದರ ಮೈಯಲ್ಲಿ ಬೆಂಕಿ ರೋಗವನ್ನು ತಡೆಯುವ ಒಂದು ವಂಶವಾಹಿ, ಅಂದರೆ ಒಂದೇ ಒಂದು ಚಿಲಕ. ರೋಗವೇ ಬಾರದ ಭತ್ತ ಎಂದು ಊರಿಗೆ ಊರೇ ಅದನ್ನೇ ಬಿತ್ತಿತು, ಔಷಧಿ ಹೊಡೆಯುವುದನ್ನು ಬಿಟ್ಟಿತು. ಬೂಷ್ಟು ದಡ್ಡನಲ್ಲ. ಕೋಟಿ ಕೋಟಿ ಮಕ್ಕಳನ್ನು ಹೆರುತ್ತದೆ, ಆ ಕೋಟಿಯಲ್ಲಿ ಒಬ್ಬ ಚಿಲಕ ತೆಗೆಯುವುದನ್ನು ಕಲಿತರೆ ಸಾಕು. ಕೆಲವೇ ವರ್ಷಗಳಲ್ಲಿ ಕಲಿತ. ಆ ಸುಗ್ಗಿಯಲ್ಲಿ ಒಬ್ಬ ಹೆಂಗಸು ಬಿಳಿ ತೆನೆಗಳ ಒಂದು ಹೊರೆ ತಂದು, ಚಂದ್ರಪ್ರಭಾ ಅವರ ಮೇಜಿನ ಮೇಲಿಟ್ಟು, ಒಂದು ಮಾತೂ ಆಡದೆ ಹೋದಳಂತೆ. ಬೈದಿದ್ದರೆ ಮರೆಯಬಹುದಿತ್ತು ಎಂದು ಅವರು ಎಷ್ಟೋ ಸಲ ಹೇಳಿದ್ದನ್ನು ಕೇಳಿದ್ದೇನೆ.

ಹಾಗಾಗಿ ಈ ಸಲ ಎರಡು ಚಿಲಕ. ಬೂಷ್ಟು ಒಂದನ್ನು ತೆಗೆದರೂ ಇನ್ನೊಂದು ಹಿಡಿದಿರುತ್ತದೆ. ಎರಡನ್ನೂ ಒಟ್ಟಿಗೆ ತೆಗೆಯಬಲ್ಲವನು ಹುಟ್ಟುವುದು ಸುಲಭವಲ್ಲ. ರೈತರು ಮೆಚ್ಚಿದ ಒಂದು ಭತ್ತಕ್ಕೆ ಎರಡು ಬೇರೆ ಬೇರೆ ಕಡೆಯಿಂದ ಎರಡು ವಂಶವಾಹಿ ತಂದು ಕೂಡಿಸಬೇಕು. ಮುಂಜಾನೆ ಹೂವಿನ ತುದಿ ಕತ್ತರಿಸಿ, ಗಂಡು ಕೇಸರ ತೆಗೆದು, ಬೇರೆಯದರ ಪರಾಗ ಉದುರಿಸಿ, ಕಾಗದದ ಚೀಲ ತೊಡಿಸಿ ಕಾಯಬೇಕು. ಹುಟ್ಟಿದ ಮಕ್ಕಳನ್ನು ಮತ್ತೆ ಮತ್ತೆ ಮೂಲ ತಳಿಗೇ ಕೂಡಿಸುತ್ತ, ಎರಡೂ ಚಿಲಕ ಇಳಿದಿವೆಯೇ ಎಂದು ನಗರದ ಪ್ರಯೋಗಾಲಯಕ್ಕೆ ಎಲೆ ಕಳಿಸಿ ಕೇಳಬೇಕು. ಇದಕ್ಕೆ ಚಂದ್ರಪ್ರಭಾ ಅವರ ಒಂಬತ್ತು ವರ್ಷ ಹೋಯಿತು. ಕೊನೆಗೆ ಹುಟ್ಟಿದ ತಳಿಗೆ "ಗಟ್ಟಿಗಿತ್ತಿ" ಎಂದು ಹೆಸರಿಟ್ಟವಳು ಮಂಚಮ್ಮ, ಆ ಹೆಸರೇ ನಿಂತಿತು.

ಮಂಚಮ್ಮ ಮಡಿಯ ಕೆಲಸದವಳು. ಕಳೆ ತೆಗೆಯುವುದು, ಹಾಳೆ ಹೊದಿಸುವುದು, ನನ್ನ ಬೀಜವನ್ನು ಮುಂದಿನ ವರ್ಷಕ್ಕೆ ಎತ್ತಿಡುವುದು ಎಲ್ಲ ಅವಳದೇ. ಹಿಂದಿದ್ದ ಹಳೆಯ ಮೇಸ್ತ್ರಿ ನಿವೃತ್ತನಾದ ಮೇಲೆ ಚಂದ್ರಪ್ರಭಾ "ಬೆಣ್ಣೆಸಣ್ಣದ ಬಿತ್ತನೆ ಬೀಜ ಎತ್ತಿಡೋದು ನಿಮ್ಮ ಜವಾಬ್ದಾರಿ" ಎಂದು ಅವಳಿಗೆ ಒಪ್ಪಿಸಿದ್ದರು. ಆ ಮಾತಿನಿಂದ ಮಂಚಮ್ಮನ ಕೊರಳು ಒಂದು ಗೇಣು ಉದ್ದವಾಗಿತ್ತು.

ಈಗ ಆ ವರ್ಷಕ್ಕೆ ಬರುತ್ತೇನೆ. ಗಟ್ಟಿಗಿತ್ತಿಯ ಕೊನೆಯ ಪರೀಕ್ಷೆ. ಅವಳು ಗೆದ್ದರೆ ಸುಗ್ಗಿಗೆ ಮುಂಚೆ ಸಮಿತಿ ಕೂತು, ಬಿಡುಗಡೆಗೆ ಒಪ್ಪಿಗೆ ಕೊಟ್ಟು, ಮುಂದಿನ ಮುಂಗಾರಿಗೆ ಬೀಜ ನಾಲೆಯ ಕೆಳಗಿನ ಎಲ್ಲ ಊರುಗಳಿಗೆ ಹೋಗುತ್ತದೆ. ಮಡಿಯಲ್ಲಿ ಎಲ್ಲರೂ ಮೊಳೆತೆವು. ಯೂರಿಯಾ ಬಿತ್ತು, ನೀರು ಬಿತ್ತು, ರೋಗದ ಎಲೆ ಬಿತ್ತು. ಸುಡುವ ಹೊತ್ತು ಬಂತು.

ನಾನು ಸುಡಲಿಲ್ಲ.

ಹಿಂದಿನ ಎರಡು ವರ್ಷ ನಾನು ಸ್ವಲ್ಪ ಕಡಿಮೆಯೇ ಸುಟ್ಟಿದ್ದೆ. ಇಬ್ಬನಿ ಸಾಲದು ಎಂದು ಅವರು ಹವಾಮಾನದ ಮೇಲೆ ಹಾಕಿದ್ದರು. ಈ ಸಲ ಇಬ್ಬನಿಗೆ ಕೊರತೆ ಇರಲಿಲ್ಲ. ಬೆಳಿಗ್ಗೆ ಹಾಳೆ ತೆಗೆದರೆ ಹನಿ ತೊಟ್ಟಿಕ್ಕುವಷ್ಟು ತೇವ. ಆದರೂ ಮಡಿಗೆ ಮಡಿಯೇ ಗಿಣಿಹಸಿರು. ದಾರಿಹೋಕ ರೈತನೊಬ್ಬ ಬೇಲಿಯಾಚೆ ನಿಂತು ಪೈರನ್ನು ಹೊಗಳಿ ಹೋದ. ಚಂದ್ರಪ್ರಭಾ ಚಪ್ಪಲಿಯಲ್ಲೇ ಇಳಿದು ಬಂದರು. ಗಟ್ಟಿಗಿತ್ತಿಯ ಕಡೆ ತಿರುಗಿಯೂ ನೋಡದೆ ನನ್ನ ಎಲೆಗಳನ್ನು ಒಂದೊಂದಾಗಿ ತಿರುವಿದರು.

ಕೇಂದ್ರದ ಮುಖ್ಯಸ್ಥ ಶಿವನಂಜಪ್ಪನವರು ಬದುವಿನ ಮೇಲೆ ಬಂದು ನಿಂತರು. ಕೆಟ್ಟ ಮನುಷ್ಯರಲ್ಲ, ಬೇಗ ಬೇಗ ಒಳ್ಳೆಯದಾಗಬೇಕು ಎನ್ನುವ ಪೈಕಿ.

"ಎಲ್ಲ ಹಸ್ರಾಗದೆ, ಅದ್ಕೂ ಚಿಂತೇನಾ ಮೇಡಂ? ಗಟ್ಟಿಗಿತ್ತಿಗೆ ರೋಗ ಇಲ್ಲ ಅಂತ ಬರ್ದು ಕಳ್ಸಿ. ಸಮಿತಿಯೋರು ಕಾಯ್ತಾವ್ರೆ."

"ಬೆಣ್ಣೆಸಣ್ಣಕ್ಕೇ ರೋಗ ಬಂದಿಲ್ಲ ಸಾರ್. ಮಳೇನೇ ಬರ್ದೆ ಛತ್ರಿ ಸೋರಲ್ಲ ಅಂತ ಹೆಂಗೆ ಬರ್ಕೊಡ್ಲಿ?"

"ಬೆಣ್ಣೆಸಣ್ಣದ ವಿಚಾರ ಯಾರ್ ಕೇಳ್ತಾರೆ?"

"ನಾನು ಕೇಳ್ತೀನಿ" ಎಂದರು ಚಂದ್ರಪ್ರಭಾ.

ಬಾಯಿದ್ದರೆ ನಾನೇ ಕೂಗಿ ಹೇಳುತ್ತಿದ್ದೆ. ರೋಗ ಬಂದಿತ್ತು! ಪ್ರತಿ ಮುಂಜಾನೆ ಬೂಷ್ಟಿನ ಕಣಗಳು ನನ್ನ ಮೇಲೆ ಇಳಿಯುತ್ತಿದ್ದವು, ಹಳೆಯ ನೆಂಟರ ಸಲಿಗೆಯಿಂದ ಎಲೆಯನ್ನು ಕೊರೆಯುತ್ತಿದ್ದವು. ಆದರೆ ಒಳಗೆ ಏನೋ ಬದಲಾಗಿತ್ತು. ಕಣ ಒಳಗೆ ತಲೆ ಹಾಕಿದ ಕೂಡಲೇ ಆ ಜಾಗದ ನನ್ನ ಜೀವಕೋಶಗಳು ತಾವಾಗಿ ಸತ್ತು ಅದನ್ನು ಅಲ್ಲೇ ಉಪವಾಸ ಕೆಡವುತ್ತಿದ್ದವು. ಇದನ್ನು ನನಗೆ ಯಾರು ಕಲಿಸಿದರು? ಗೊತ್ತಿರಲಿಲ್ಲ. ಜನ್ಮಜನ್ಮಾಂತರ ಒದೆ ತಿಂದವನಿಗೆ ಒಂದು ದಿನ ತಾನೇ ತಿರುಗಿ ಒದೆಯಲು ಬಂದರೆ ಹೇಗಿರುತ್ತದೆ, ಹಾಗಿತ್ತು. ಸುಳ್ಳು ಯಾಕೆ, ಹಿಗ್ಗಿದೆ. ಅದೇ ಹೊತ್ತಿಗೆ ಚಂದ್ರಪ್ರಭಾ ಅವರ ಮುಖ ನೋಡಿ, ಹಿಗ್ಗಿದ್ದಕ್ಕೆ ನಾಚಿಕೆಯೂ ಆಯಿತು.

ಚಂದ್ರಪ್ರಭಾ ಕೊರಳಿನ ಭೂತಗನ್ನಡಿ ಹಿಡಿದು ಮಂಡಿಯೂರಿದರು. ನನ್ನ ಎಲೆಯ ಮೇಲೆ ಸೂಜಿಮೊನೆಯಷ್ಟು ಕಂದು ಚುಕ್ಕೆಗಳಿದ್ದವು, ಬರಿಗಣ್ಣಿಗೆ ಕಾಣದವು. ಕಣಗಳು ಬಂದು ಸತ್ತ ಜಾಗಗಳು. ಅವರು ತುಂಬ ಹೊತ್ತು ನೋಡಿದರು. ಆಮೇಲೆ ಕೆಸರಿನಲ್ಲೇ ಕೂತುಬಿಟ್ಟರು.

"ರೋಗ ಬಂದಿದೆ" ಎಂದರು ಮೆಲ್ಲಗೆ. "ಇದು ಒಳಗೆ ಬಿಟ್ಕೊಂಡಿಲ್ಲ. ಬೆಣ್ಣೆಸಣ್ಣ ಬಿಟ್ಕೊಳ್ದೆ ಇರೋದುಂಟಾ?"

ಮಂಚಮ್ಮನನ್ನು ಕರೆದರು. ಬೀಜ ಹೇಗೆ ಎತ್ತಿಡುತ್ತಿದ್ದೀರಿ ಎಂದು ಕೇಳಿದರು.

"ಎಲ್ಲಾರೂ ಎತ್ತಿಡಂಗೇಯ" ಎಂದಳು ಮಂಚಮ್ಮ. "ನಮ್ಮವ್ವ ಹೇಳ್ಕೊಟ್ಟಂಗೆ. ಕುಯ್ಲಿಗೆ ಮುಂಚೆ ಗದ್ದೆ ಒಳೀಕ್ಕೋಗಿ, ಸುಟ್ಟೋಗಿರೋವ್ನೆಲ್ಲ ಬುಟ್ಟು, ಗುಂಡ್ಗುಂಡ್ಗೆ ಕಾಳು ಕಟ್ಟಿರೋ ತೆನೇನೇ ಆರ್ಸಿ ಮಡ್ಲಿಗೆ ಹಾಕಂತೀನಿ. ಸುಟ್ಟಿರೋದ್ನ ಯಾರಾರ ಬಿತ್ನೆಗೆ ಮಡಗ್ತಾರಾ?"

"ಯಾವಾಗಿಂದ?"

"ನೀವು ಒಪ್ಸುದ್ ದಿನ್ದಿಂದ್ಲೂವೆ. ವರ್ಸ ವರ್ಸಕ್ಕೂ ಎಷ್ಟ್ ಚೆಂದಾಗಿ ಬತ್ತಾ ಅದೆ ನೋಡಿ! ಯಾಕ್ ಮೇಡಮ್ನೋರೆ, ಹಂಗ್ ನೋಡ್ತೀರಿ?"

ನನಗೂ ಆಗಲೇ ಅರ್ಥವಾಯಿತು. ಎಂದೋ ಒಂದು ಸಲ ಪಕ್ಕದ ಸಾಲಿನ ಪರಾಗ ಗಾಳಿಯಲ್ಲಿ ಬಂದು ನನ್ನ ಒಂದು ಹೂವಿನೊಳಗೆ ನುಸುಳಿತ್ತು. ಆ ಪಕ್ಕದ ಸಾಲು ಗಟ್ಟಿಗಿತ್ತಿಗೆ ಮೊದಲ ಚಿಲಕ ಕೊಟ್ಟ ತಾಯಿ. ಅದರಿಂದ ಹುಟ್ಟಿದ ನನ್ನ ಮಗಳು ಉಳಿದ ಮಕ್ಕಳಷ್ಟು ಸುಡಲಿಲ್ಲ. ಸುಟ್ಟ ಗದ್ದೆಯಲ್ಲಿ ಹಸಿರಾಗಿ ನಿಂತವಳು ಮಂಚಮ್ಮನ ಕಣ್ಣಿಗೆ ಬೀಳದಿರುತ್ತಾಳೆಯೇ? ಮುಂದಿನ ವರ್ಷ ಅವಳ ಮಕ್ಕಳು, ಅದರ ಮುಂದೆ ಅವಳ ಮೊಮ್ಮಕ್ಕಳು. ಒಳ್ಳೆಯ ತೆನೆ ಆರಿಸುವುದು ಒಕ್ಕಲುತನದ ಮೊದಲ ಪಾಠ. ಈ ಒಂದು ಮಡಿಯಲ್ಲಿ ಮಾತ್ರ ಅದು ತಲೆಕೆಳಗು.

ಚಂದ್ರಪ್ರಭಾ ವಿಷಯ ಹೇಳಿದಾಗ ಮಂಚಮ್ಮನ ಕೈಯಲ್ಲಿದ್ದ ಕಳೆ ಹಾಗೇ ಜಾರಿತು.

"ಕೆಟ್ಟುದ್ನ ಆರ್ಸ್‌ಬೇಕಿತ್ತಾ? ಬಿತ್ನೆಗೆ? ಅಯ್ಯೋ ಸಿವ್ನೆ, ನಿಮ್ಮ ಕೆಲ್ಸಾನೇ ಹಾಳ್ ಮಾಡ್ಬುಟ್ನಲ್ಲವ್ವ."

"ತಪ್ಪು ನಂದು. ಎತ್ತಿಡಿ ಅಂದೆ, ಎಂಥದ್ದು ಅಂತ ಹೇಳ್ಲಿಲ್ಲ" ಎಂದರು ಚಂದ್ರಪ್ರಭಾ. ಆದರೆ ಅವರ ಮನಸ್ಸು ಎಲ್ಲೋ ಇತ್ತು. ಒಂಬತ್ತು ವರ್ಷದ ಮಗಳು ನಿಜವಾಗಿ ಗಟ್ಟಿಯೋ, ಅಥವಾ ಯಾರೂ ಹೊಡೆಯಲಿಲ್ಲ ಎಂದು ನಿಂತಿದ್ದಾಳೋ ಎಂಬುದು ಈಗ ಯಾರಿಗೂ ಗೊತ್ತಿಲ್ಲ. ಸುಡುವವರಿಲ್ಲದ ಮಡಿಯಲ್ಲಿ ಬೂಷ್ಟು ಹೆಚ್ಚುವುದೂ ಇಲ್ಲ.

ಇನ್ನೊಂದು ಮಡಿ ಹಾಕಿದರೆ ಸಮಿತಿ ಕೂರುವ ಹೊತ್ತಿಗೆ ಹೇಗೋ ಫಲಿತಾಂಶ ಸಿಗುತ್ತದೆ. ಆದರೆ ಹಳೆಯ, ಅಪ್ಪಟ ನಾನು ಎಲ್ಲಿ? ಶೀತಲ ಕೊಠಡಿಯ ಮೂಲೆಯ ಡಬ್ಬಿಯೊಂದರಲ್ಲಿ ಹಳೆಯ ಮೇಸ್ತ್ರಿ ಕಟ್ಟಿಟ್ಟ ಒಂದು ಹಿಡಿ ಬೀಜ ಸಿಕ್ಕಿತು. ಕರೆಂಟು ಹೋಗಿ ಬಂದು ಆ ಕೊಠಡಿ ಎಷ್ಟು ಸಲ ಬೆಚ್ಚಗಾಗಿತ್ತೋ ಯಾರು ಬಲ್ಲರು. ಮಂಚಮ್ಮ ಬೀಜ ನೆನೆಸಿ, ಗೋಣಿತಾಟಿನಲ್ಲಿ ಸುತ್ತಿ, ಹುಲ್ಲು ಮುಚ್ಚಿ ಮೊಳಕೆ ಕಟ್ಟಿದಳು. ಮೊಳಕೆ ಬರಬೇಕಾದ ದಿನ ಬರಲಿಲ್ಲ. ಮರುದಿನವೂ ಇಲ್ಲ. ಆ ಕಾಳುಗಳೂ ನಾನೇ ತಾನೇ? ಸತ್ತಿದ್ದೇನೋ ಬದುಕಿದ್ದೇನೋ ನನಗೇ ತಿಳಿಯದ ದಿನಗಳು ಅವು. ಶಿವನಂಜಪ್ಪನವರು ದಿನಕ್ಕೊಮ್ಮೆ ಬಂದು, ಸಮಿತಿಗೆ ಏನು ಹೇಳಲಿ ಎಂದು ಕೇಳಿ ಹೋಗುತ್ತಿದ್ದರು. ಕೊನೆಗೆ ಕೆಲವು ಕಾಳುಗಳ ಬುಡದಲ್ಲಿ ಬೆಳ್ಳನೆಯ ಮೊನೆ ಕಂಡಿತು. ಬಹಳವಲ್ಲ. ಸಾಲುವಷ್ಟು.

ಹೊಸ ಮಡಿಯಲ್ಲಿ ಸುತ್ತ ಹಳೆಯ ನಾನು, ನಡುವೆ ಗಟ್ಟಿಗಿತ್ತಿ. "ಈ ಕಲಬೆರಕೆದೂ ಒಂದು ಸಾಲು ಇರ್ಲಿ, ಇದು ಏನಾಗಿದೆ ನೋಡೋಣ" ಎಂದು ಚಂದ್ರಪ್ರಭಾ ಹೊಸ ನನ್ನನ್ನೂ ಅವಳ ಪಕ್ಕ ಬಿತ್ತಿಸಿದರು. ನನ್ನ ಎಲೆಯೊಂದು ನಗರದ ಪ್ರಯೋಗಾಲಯಕ್ಕೂ ಹೋಯಿತು.

ಹಳೆಯ ನಾನು ಸುಟ್ಟೆ. ಎಂಥ ಸುಡುವಿಕೆ! ಮೂರನೆಯ ಎಲೆ ಬಿಚ್ಚುವ ಮೊದಲೇ ಕಣ್ಣಿನಾಕಾರದ ಚುಕ್ಕೆಗಳು, ಆಮೇಲೆ ಎಲೆಗೆ ಎಲೆಯೇ ಬೂದಿ. ಬೂಷ್ಟು ಹಬ್ಬ ಮಾಡಿತು, ಮೋಡದಂತೆ ಎದ್ದು ಎಲ್ಲರ ಮೇಲೆ ಬಿತ್ತು. ಗಟ್ಟಿಗಿತ್ತಿ ಅಲುಗಲಿಲ್ಲ. ಕರಕಲು ಚೌಕಟ್ಟಿನ ನಡುವೆ ಹಸಿರು ಗೆರೆ. ಶಿವನಂಜಪ್ಪನವರು ಮದ್ದೂರಿನಿಂದ ವಡೆ ತರಿಸಿ ಎಲ್ಲರಿಗೂ ಹಂಚಿದರು. ಚಂದ್ರಪ್ರಭಾ ಅಂದು ಚಪ್ಪಲಿ ಬದುವಿನ ಮೇಲೆ ಬಿಟ್ಟು ಇಳಿದರು.

ಮರುದಿನ ಬೆಳಿಗ್ಗೆ ಹಾಳೆ ತೆಗೆದ ಮಂಚಮ್ಮ ಖುಷಿಯಿಂದ ಕೂಗಿದಳು.

"ಮೇಡಮ್ನೋರೆ, ಬನ್ನಿ ಇಲ್ಲಿ! ಇವ್ಳಿಗೂ ಹತ್ಕತು! ಬುದ್ಧಿ ಬಂತು ಇವ್ಳಿಗೆ!"

ಇವಳು ಎಂದರೆ ನಾನು, ಹೊಸ ನಾನು. ಕಲಬೆರಕೆ ಎನಿಸಿಕೊಂಡವಳು. ಸೂಜಿಮೊನೆಯ ಚುಕ್ಕೆಗಳಲ್ಲ, ಅಗಲವಾದ, ಬೂದಿ ನಡುವಿನ ಅಸಲಿ ಚುಕ್ಕೆಗಳು. ನಡುವೆ ಎಲ್ಲೋ ಒಂದು ಕಣ ನನ್ನ ಚಿಲಕ ತೆಗೆಯುವುದನ್ನು ಕಲಿತುಕೊಂಡಿತ್ತು. ಗೆದ್ದ ಸುಖ ನನಗೆ ಒಂದು ಬೆಳೆಯಷ್ಟೂ ಉಳಿಯಲಿಲ್ಲ. ಮಂಚಮ್ಮ ತನ್ನ ತಪ್ಪು ಸರಿಹೋಯಿತೆಂದು ನಗುತ್ತಿದ್ದಳು. ಚಂದ್ರಪ್ರಭಾ ಮಾತ್ರ ನಗಲಿಲ್ಲ. ಪ್ರಯೋಗಾಲಯದ ಉತ್ತರ ಆಗಲೇ ಬಂದಿತ್ತು: ನನ್ನಲ್ಲಿರುವುದು ಮೊದಲ ಚಿಲಕ ಮಾತ್ರ.

"ಏನಾಯ್ತವ್ವ?" ಎಂದಳು ಮಂಚಮ್ಮ.

"ಗಟ್ಟಿಗಿತ್ತಿಗೆ ಎರಡು ಚಿಲಕ ಹಾಕಿದ್ದೆ ಮಂಚಮ್ಮ. ಇದರಲ್ಲಿರೋದು ಅದೇ ಮೊದಲ್ನೇದು. ಅದು ಮುರ್ದೋಯ್ತು. ಗಟ್ಟಿಗಿತ್ತಿ ಈಗ ನಿಂತಿರೋದು ಒಂದೇ ಚಿಲಕದ ಮೇಲೆ. ಅವಳನ್ನ ನೋಡಿದ್ರೆ ಗೊತ್ತೇ ಆಗ್ತಿರ್ಲಿಲ್ಲ."

ಸಮಿತಿ ಕೂತ ದಿನ ಚಂದ್ರಪ್ರಭಾ ನನ್ನ ಒಂದು ಎಲೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ಹೋದರು. ನಾನು ಜೀವಮಾನದಲ್ಲಿ ಮೊದಲ ಸಲ ಫ್ಯಾನಿನ ಕೆಳಗೆ ಬಂದೆ. ಗಟ್ಟಿಗಿತ್ತಿಯ ಹಸಿರು ಸಾಲಿನ ಚಿತ್ರ ಗೋಡೆಯ ಮೇಲಿತ್ತು. ಎಲ್ಲರೂ ತಲೆದೂಗುತ್ತಿದ್ದರು. ಚಂದ್ರಪ್ರಭಾ ಎದ್ದು ನಿಂತು, ಗಟ್ಟಿಗಿತ್ತಿಯನ್ನು ಈಗ ಬಿಡುಗಡೆ ಮಾಡಬೇಡಿ, ಮೂರನೆಯ ವಂಶವಾಹಿ ಸೇರಿಸಲು ಸಮಯ ಕೊಡಿ ಎಂದರು.

"ಇನ್ನೂ ಒಂದು ಚಿಲಕ ಅದೆಯಲ್ಲ ಮೇಡಂ!" ಎಂದರು ಶಿವನಂಜಪ್ಪನವರು. "ಒಂಬತ್ತು ವರ್ಸ ಕಣ್ರೀ! ರೈತರು ಗೇಟ್ ಹತ್ರ ಬಂದ್ ಕೇಳ್ತಾವ್ರೆ. ನಿಮ್ಮ ಮಗೂನ ನೀವೇ ಬ್ಯಾಡ ಅಂತೀರಲ್ಲ!"

ಅಂಗೈ ನನ್ನನ್ನು ಬಿಗಿಯಾಗಿ ಹಿಡಿಯಿತು.

"ಹೋದ ಸಲ ನಾವು ಕೊಟ್ಟಿದ್ದೂ ಒಂದೇ ಚಿಲಕ ಸಾರ್. ರೋಗ ಬರಲ್ಲ ಅಂತ ನಾವು ಹೇಳಿದ್ರೆ ಅವರು ನಂಬ್ತಾರೆ. ಔಷಧಿ ಹೊಡೆಯೋದು ಬಿಡ್ತಾರೆ. ನಂಬಿಸೋ ಧೈರ್ಯ ನನಗೆ ಈಗ ಇಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬರು ಗಡಿಯಾರ ನೋಡಿದರು. ಬಿಡುಗಡೆ ನಿಂತಿತು. ಗೇಟಿನ ಬಳಿ ಬೀಜಕ್ಕೆ ಕಾದಿದ್ದ ಒಬ್ಬ ರೈತ, ಸಂಬಳ ತಗೊಂಡು ಮಡೀಲಿ ಆಟ ಆಡ್ತಾರೆ ಎಂದು ಅವರಿಗೆ ಕೇಳುವಂತೆಯೇ ಅಂದ. ಅವರು ತಲೆ ತಗ್ಗಿಸಿ ನಡೆದರು. ನನಗೆ ಆ ರೈತನ ಮೇಲೆ ಕೆಟ್ಟ ಸಿಟ್ಟು ಬಂತು, ಆದರೆ ಭತ್ತದ ಸಿಟ್ಟಿಗೆ ಯಾರು ಹೆದರುತ್ತಾರೆ?

ಅಲ್ಲಿಂದ ನನಗೆ ಎರಡು ನೌಕರಿ. ಹಳೆಯ ನಾನು ಮಡಿಯ ಅಂಚಿನಲ್ಲಿ ಮೊದಲು ಸುಡಬೇಕು, ಹೊಸ ನಾನು ಒಳಗಿನ ಸಾಲಿನಲ್ಲಿ ಆಮೇಲೆ ಸುಟ್ಟು, ಮೊದಲ ಚಿಲಕ ತೆಗೆಯಬಲ್ಲ ಬೂಷ್ಟು ಇಲ್ಲಿದೆ ಎಂದು ತೋರಿಸಬೇಕು. ಬೀಜಕ್ಕೆ ತೆನೆ ಆರಿಸುವಾಗ ಮಂಚಮ್ಮ ಈಗಲೂ ಒಮ್ಮೆ ನಿಟ್ಟುಸಿರು ಬಿಟ್ಟು, ಮುಖ ಬೇರೆ ಕಡೆ ತಿರುಗಿಸಿ, ಸುಟ್ಟ ಗಿಡದ ಬಡಕಲು ತೆನೆಗೆ ಕೈ ಹಾಕುತ್ತಾಳೆ. ಅಂಥ ತೆನೆ ಮಡಿಲಿಗೆ ಹಾಕಲು ಅವಳಿಗೆ ಇನ್ನೂ ಮನಸ್ಸಿಲ್ಲ. ಬುಟ್ಟಿ ತರುತ್ತಾಳೆ.

ಮರುವರ್ಷದ ಮಡಿಯಲ್ಲಿ ನಾವಿಬ್ಬರೂ ಸುಟ್ಟೆವು, ಹೇಳಿದ ಹಾಗೆ. ಒಂದು ಬೆಳಿಗ್ಗೆ ಚಂದ್ರಪ್ರಭಾ ಗಟ್ಟಿಗಿತ್ತಿಯ ಎಲೆಗಳನ್ನು ತಿರುವುತ್ತ ಸಾಲಿನ ನಡುವೆ ನಿಂತರು. ಭೂತಗನ್ನಡಿ ತೆಗೆಯಲೇ ಇಲ್ಲ. ಬೇಕಾಗಿರಲಿಲ್ಲ. ಕಣ್ಣಿನಾಕಾರದ ಚುಕ್ಕೆ, ನಡುವೆ ಬೂದಿ, ಅಂಚಿಗೆ ಕಂದು. ಪಕ್ಕದಲ್ಲಿ ಇನ್ನೊಂದು. ಎರಡನೆಯ ಚಿಲಕವೂ ಹೋಗಿತ್ತು. ಮಂಚಮ್ಮ ಬಾಯಿಗೆ ಸೆರಗು ಹಿಡಿದು ಅತ್ತಳು. ಚಂದ್ರಪ್ರಭಾ ಅಳಲಿಲ್ಲ. ಗಟ್ಟಿಗಿತ್ತಿಯ ಪಕ್ಕ ಕೂತು, ಹತ್ತು ವರ್ಷ ಸಾಕಿದ ಆ ಎಲೆಯನ್ನು ಬೆರಳಿನಿಂದ ಸವರುತ್ತ, "ಇಲ್ಲೇ ಬಿದ್ಲಲ್ಲ ಮಂಚಮ್ಮ, ರೈತರ ಗದ್ದೇಲಲ್ಲ, ಇಲ್ಲೇ ಬಿದ್ಲು" ಎಂದರು. ಆಮೇಲೆ ಎದ್ದು, ಮೂರನೆಯ ಚಿಲಕದ ಸಂಕರಣಕ್ಕೆ ಕಾಗದದ ಚೀಲ ತರಲು ಹೋದರು.

ಈಗ ನಾನು ಶೀತಲ ಕೊಠಡಿಯ ಕೆಳಗಿನ ಹಲಗೆಯ ಮೇಲೆ ಒಂದು ಡಬ್ಬಿಯಲ್ಲಿದ್ದೇನೆ. ಎರಡು ಪೊಟ್ಟಣ, ಅಕ್ಕಪಕ್ಕ. ಮುಂಗಾರಿಗೆ ಎಬ್ಬಿಸುತ್ತಾರೆ, ಸುಡುತ್ತೇನೆ, ಮತ್ತೆ ಮಲಗುತ್ತೇನೆ. ಸೋಲುವುದನ್ನು ಸರಿಯಾಗಿ ಸೋಲಬೇಕು ಎಂಬುದು ನನಗೆ ಈ ವಯಸ್ಸಿಗೆ ಅರ್ಥವಾಗಿದೆ. ಗಟ್ಟಿಗಿತ್ತಿ ಬಿದ್ದ ಆ ವರ್ಷ ನಾಲೆಯ ಕೆಳಗಿನ ಊರುಗಳಲ್ಲಿ ರೈತರು ತಮ್ಮ ಹಳೆಯ ಭತ್ತವನ್ನೇ ಬಿತ್ತಿ, ಬೈದುಕೊಳ್ಳುತ್ತ ಔಷಧಿ ಹೊಡೆದು, ಸುಮಾರಾಗಿ ಬೆಳೆ ತೆಗೆದು ಕಣ ಮಾಡಿದರು. ಏನೂ ವಿಶೇಷ ನಡೆಯಲಿಲ್ಲ. ನಡೆಯದೆ ಹೋದದ್ದು ಏನೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ.